ಟ್ರಯಲ್ ಅಂತ ತಗೊಂಡು ಹೋಗಿ 47 ಕಿಮೀ ಬಡಿದಿದ್ದಾರೆ. ಇಂಜಿನ್‌ಗೆ ಪೆಟ್ಟಾಗಿರತ್ತಾ?

ವಿಜಯನಗರ ಗೂಳಿ (ಮಂಗಳವಾರ, ರಾತ್ರಿ 10:12)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ. ಕೋಪ ಇನ್ನೂ ಇಳಿದಿಲ್ಲ, ಮಾತು ಬಿಸಿ ಅನ್ನಿಸಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಕಾರು 2017ರ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್. 2 ಲೀಟರ್ ಟರ್ಬೊ ಪೆಟ್ರೋಲ್, 230 ಪಿಎಸ್, 6 ಗೇರಿನ ಡಿಎಸ್‌ಜಿ (ತಾನೇ ಗೇರ್ ಬದಲಿಸೋ ಗೇರ್‌ಬಾಕ್ಸ್). ನಾನು ಎರಡನೇ ಓನರ್. ಮೂರು ವರ್ಷ ದುಡ್ಡು ಕೂಡಿಟ್ಟು ತಗೊಂಡ ಗಾಡಿ, ಮನೇಲಿ ಬೈಸಿಕೊಂಡು.

ಹೋದ ಶನಿವಾರ ಸಂಜೆ ಗ್ಯಾರೇಜಿಗೆ ಬಿಟ್ಟೆ. ಆಯಿಲ್ ಚೇಂಜ್, ಹಿಂದಿನ ಬ್ರೇಕ್ ಪ್ಯಾಡ್, ಮುಂದಿನ ಎಡ ಚಕ್ರದ ಹತ್ತಿರ ಗುಂಯ್ ಅನ್ನೋ ಸದ್ದು, ಇಷ್ಟೇ ಕೆಲಸ. ಗ್ಯಾರೇಜಿನ ಹೆಸರು ಕೇಳಬೇಡಿ, ಹೇಳಲ್ಲ. ಭಾನುವಾರ ಬೆಳಗ್ಗೆ ನಾನಿನ್ನೂ ಹಾಸಿಗೆ ಬಿಟ್ಟಿಲ್ಲ, ಫೋನಿಗೆ ಫಾಸ್ಟ್ಯಾಗ್ ಮೆಸೇಜ್ ಬಂತು. ತುಮಕೂರು ರಸ್ತೆ ಟೋಲಲ್ಲಿ ದುಡ್ಡು ಕಟ್ ಆಗಿದೆ. ಬ್ರೇಕ್ ಪ್ಯಾಡ್ ಹಾಕೋಕೆ ಟೋಲ್ ಯಾಕೆ ದಾಟಬೇಕು ಅಂತ ತಲೆ ಕೆರ್ಕೊಂಡೆ.

ಸಂಜೆ ಹೋದೆ. ಗಾಡಿ ಬಿಡುವಾಗ ಟ್ರಿಪ್ ಮೀಟರ್ ಸೊನ್ನೆ ಮಾಡೋದು ನಮ್ಮಪ್ಪನಿಂದ ಬಂದ ಚಾಳಿ. ನೋಡಿದ್ರೆ 47 ಕಿಮೀ, ಸರಾಸರಿ ಲೀಟರಿಗೆ 5.6. ನನ್ನ ಕೈಲಿ ಇದೇ ಗಾಡಿ 11 ಕೊಡತ್ತೆ. ಕೇಳಿದ್ರೆ "ಟ್ರಯಲ್ ನೋಡ್ಬೇಕಲ್ಲ ಸಾರ್" ಅಂದ್ರು.

ಮನೆಗೆ ಬಂದು ಡ್ಯಾಶ್‌ಕ್ಯಾಮ್ ಕಾರ್ಡ್ ತೆಗೆದು ಹಾಕಿದೆ. ಭಾನುವಾರ 7:31ಕ್ಕೆ ಸ್ಟಾರ್ಟ್. ರಾತ್ರಿಯೆಲ್ಲಾ ಹೊರಗೆ ನಿಂತಿದ್ದ ಗಾಡಿ, ಪೂರ್ತಿ ತಣ್ಣಗೆ. 7:34ಕ್ಕೆ ಮೇನ್ ರೋಡ್. ಅಲ್ಲಿಂದ ಒಂದು, ಎರಡು, ಮೂರು ಗೇರು ಆರ್‌ಪಿಎಂ ಮೀಟರಿನ ಕೆಂಪು ಗೆರೆವರೆಗೂ ಎಳೆದಿದ್ದಾನೆ, ಸದ್ದಲ್ಲೇ ಗೊತ್ತಾಗತ್ತೆ. ಪಕ್ಕದಲ್ಲಿ ಇನ್ನೊಬ್ಬ, "ಲೋ ಎಂಥಾ ಎಳೆತ ಮಗಾ" ಅಂತಾನೆ. ಎಲಿವೇಟೆಡ್ ಮೇಲೆ ಜಿಪಿಎಸ್ 164 ತೋರಿಸತ್ತೆ. ಆ ವೇಗದಿಂದ ಬಂದು ನೇರ ಒಂದು ಇಡ್ಲಿ ಅಂಗಡಿ ಮುಂದೆ ನಿಲ್ಲಿಸಿ ಟಪ್ ಅಂತ ಆಫ್. ವಾಪಸ್ ಬರ್ತಾ ಅದೇ ರಾಗ. ಪ್ಯಾಸೆಂಜರ್ ಬಾಗಿಲ ಜೇಬಲ್ಲಿ ದಾರ ಕಟ್ಟಿದ್ದ ಸಾಂಬಾರ್ ಕವರಿನ ಮೂಲೆ ಸಿಕ್ತು. ಸೀಟಲ್ಲಿ ಕಲೆ.

ಸೋಮವಾರದಿಂದ ಗಾಡಿ ಕೆಳಗೆ ಟರ್ ಟರ್ ಅನ್ನೋ ಹೊಸ ಸದ್ದು. ಬೇರಿಂಗಾ, ಟರ್ಬೊನಾ? ನಿದ್ದೆ ಬರ್ತಿಲ್ಲ.

ಹಿಂದಿನ ಸೀಟು

ಎರಡು ಪ್ಲೇಟ್ ಇಡ್ಲಿಗೆ 230 ಕುದುರೆ. ಯಾವ ಡೆಲಿವರಿ ಆ್ಯಪ್ಪೂ ಇಷ್ಟು ಫಾಸ್ಟ್ ಇಲ್ಲ.

ಗ್ರೀಸ್ ಕೈ

ನಾನು 18 ವರ್ಷದಿಂದ ಇದೇ ಕೆಲಸದಲ್ಲಿದ್ದೀನಿ, ಅದಕ್ಕೇ ಎರಡೂ ಕಡೆ ಮಾತಾಡ್ತೀನಿ. ಬೈಯೋರು ಪೂರ್ತಿ ಓದಿ ಬೈಯಿರಿ.

ಜೋರಾಗಿ ಓಡಿಸೋದೇ ತಪ್ಪು ಅಂದ್ರೆ ನಾವು ಗ್ಯಾರೇಜಿಗೆ ಬೀಗ ಹಾಕಬೇಕಾಗತ್ತೆ. ಟರ್ಬೊ ಗಾಡೀಲಿ "ಪಿಕಪ್ ಇಲ್ಲ" ಅಂತ ಬಂದ್ರೆ ನಿಂತಲ್ಲೇ ರೇಸ್ ಮಾಡಿದ್ರೆ ಏನೂ ಗೊತ್ತಾಗಲ್ಲ. ಲೋಡ್ ಬೀಳಬೇಕು. ಮೂರನೇ ಗೇರಲ್ಲಿ 2000ದಿಂದ ಮೇಲಿನವರೆಗೂ ಪೂರ್ತಿ ಆಕ್ಸಿಲರೇಟರ್ ಕೊಟ್ಟು, ಪಕ್ಕದಲ್ಲಿ ಒಬ್ಬ ಲ್ಯಾಪ್‌ಟಾಪ್ ಹಿಡ್ಕೊಂಡು ಬೂಸ್ಟ್ (ಟರ್ಬೊ ತಳ್ಳೋ ಗಾಳಿಯ ಒತ್ತಡ) ಎಷ್ಟು ಕೇಳ್ತಿದೆ, ಎಷ್ಟು ಬರ್ತಿದೆ ಅಂತ ಲಾಗ್ ಮಾಡಬೇಕು. ಇಗ್ನಿಷನ್ ಕಾಯಿಲ್ ಸ್ಪಾರ್ಕ್ ಮಿಸ್ ಹೊಡ್ಯೋದು ಎಷ್ಟೋ ಸಲ ಬೂಸ್ಟಲ್ಲಿ ಮಾತ್ರ ಸಿಗತ್ತೆ. ಹೊಸ ಪ್ಯಾಡ್ ಹಾಕಿದ್ರೆ ಹತ್ತು ಸಲ ಬ್ರೇಕ್ ಒತ್ತಿ ಕೂರಿಸಬೇಕು. ಚಕ್ರದ ಬೇರಿಂಗ್ ಸದ್ದಿಗೆ 80ರ ಮೇಲೆ ಹೋಗಿ ಎಡಕ್ಕೂ ಬಲಕ್ಕೂ ತೂಗಾಡಿಸಿ ನೋಡಬೇಕು.

ನಿಮ್ಮ ಕೆಲಸಕ್ಕೆ 8ರಿಂದ 10 ಕಿಮೀ ನ್ಯಾಯ. 47 ಅನ್ಯಾಯ. ಆದ್ರೆ ನನ್ನ ಹೊಟ್ಟೆ ಉರಿದಿದ್ದು ಕಿಮೀಗೂ ಅಲ್ಲ, 164ಕ್ಕೂ ಅಲ್ಲ. ಸ್ಟಾರ್ಟ್ ಆಗಿ ಮೂರೇ ನಿಮಿಷಕ್ಕೆ ಕೆಂಪು ಗೆರೆ. ಅದು ತಪ್ಪು ಅಂತ ಗೊತ್ತಿಲ್ಲದ ಹುಡುಗನಿಗೆ ಕೀ ಕೊಡಬಾರದು.

ವಿಜಯನಗರ ಗೂಳಿ

@ಗ್ರೀಸ್ ಕೈ, ಸಾರ್, ಅಷ್ಟರಲ್ಲಿ ಟೆಂಪರೇಚರ್ ಮುಳ್ಳು ಸ್ವಲ್ಪ ಮೇಲೆ ಬಂದಿರಲ್ವಾ? ಬೆಂಗಳೂರಲ್ಲಿ ಅಂಥ ಚಳಿ ಏನಿಲ್ಲ.

ಗ್ರೀಸ್ ಕೈ

ಮುಳ್ಳು ತೋರಿಸೋದು ಕೂಲಂಟ್ (ಇಂಜಿನ್ ತಣಿಸೋ ದ್ರವ) ಬಿಸಿ, ಆಯಿಲ್‌ದಲ್ಲ. ಅದೂ ನಿಮ್ಮ ಫೋಕ್ಸ್‌ವ್ಯಾಗನ್-ಸ್ಕೋಡಾ ಗುಂಪಿನ ಗಾಡಿಗಳಲ್ಲಿ ಮುಳ್ಳು 90ಕ್ಕೆ ಬಂದು ನಿಲ್ಲೋದು ಒಂದು ನಾಟಕ. ಸುಮಾರು 75ರಿಂದ 105ರವರೆಗೂ ಅದು 90 ಅಂತಾನೇ ತೋರಿಸತ್ತೆ, ಓನರ್ ಗಾಬರಿ ಬೀಳದೆ ಇರಲಿ ಅಂತ. ಮೀಟರ್ ಮಧ್ಯದ ಡಿಸ್‌ಪ್ಲೇಲಿ ಆಯಿಲ್ ಟೆಂಪರೇಚರ್ ಬೇರೆ ಇದೆ, ನೋಡಿ. 50 ಆಗೋವರೆಗೂ ನಂಬರ್ ಬದಲು ಬರೀ ಗೀಟು. ಕೂಲಂಟ್ 90 ಮುಟ್ಟಿದಾಗ ಆಯಿಲ್ ಇನ್ನೂ 55, 60ರಲ್ಲಿ ತೆವಳ್ತಿರತ್ತೆ. 80 ದಾಟೋವರೆಗೆ ನಾನು 3000 ಆರ್‌ಪಿಎಂ ದಾಟಿಸಲ್ಲ.

ಯಾಕೆ ಅಂತ ಕೇಳಿದ್ರೆ: ನಿಮ್ಮ ಇಂಜಿನ್ ಬ್ಲಾಕ್ ಬೀಡುಕಬ್ಬಿಣ, ಪಿಸ್ಟನ್ ಅಲ್ಯೂಮಿನಿಯಂ. ಬಿಸಿಗೆ ಅಲ್ಯೂಮಿನಿಯಂ ಹಿಗ್ಗೋದು ಕಬ್ಬಿಣದ ಎರಡರಷ್ಟು. ಎರಡೂ ಸಮ ಬಿಸಿಗೆ ಬಂದಾಗ ಸಂದು ಸರಿ ಇರೋ ಹಾಗೆ ಲೆಕ್ಕ ಹಾಕಿರ್ತಾರೆ. ಅದಕ್ಕೆ ಮುಂಚೆ ಹೊಡೆದ್ರೆ ಸಂದು ತಪ್ಪಿರತ್ತೆ, ಆಯಿಲ್ ಗಟ್ಟಿ. ಗಟ್ಟಿ ಆಯಿಲ್‌ನ ಪಂಪು ಜೋರಾಗಿ ತಳ್ಳಿದಾಗ ಫಿಲ್ಟರಿನ ಬೈಪಾಸ್ ತೆರ್ಕೊಂಡು, ಸೋಸದ ಆಯಿಲೇ ಬೇರಿಂಗಿಗೆ ಹೋಗಬಹುದು. ಇನ್ನು ಟರ್ಬೊ ಶಾಫ್ಟು ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು ದಾಟೋ ಸಾಮಾನು, ತೆಳ್ಳಗಿನ ಆಯಿಲ್ ಪದರದ ಮೇಲೆ ತೇಲಾಡ್ತಿರತ್ತೆ.

ಹಳೇ ಯೆಜ್ಡಿ

ಈ ಕಥೆ ಹೊಸದೇನಲ್ಲಪ್ಪ. 1986ರಲ್ಲಿ ನನ್ನ ಹತ್ರ ರಾಜದೂತ್ 350 ಇತ್ತು, ಹೈ ಟಾರ್ಕ್, 30.5 ಕುದುರೆ ಶಕ್ತಿ. ಆಗ ಅದು ರಸ್ತೇಲಿ ಹೋದ್ರೆ ಜನ ತಿರುಗಿ ನೋಡ್ತಿದ್ರು. ಕಾರ್ಬುರೇಟರ್ ಟ್ಯೂನಿಂಗ್‌ಗೆ ಅಂತ ಬಿಟ್ಟೆ. ಮೆಕ್ಯಾನಿಕ್ ಒಳ್ಳೆಯವನೇ, ಕಿವೀಲೇ ಟ್ಯೂನ್ ಮಾಡ್ತಿದ್ದ ಪುಣ್ಯಾತ್ಮ. ಅವನ ಶಿಷ್ಯ ಬೆಳಗ್ಗೆ ಆರಕ್ಕೆ ಕಿಕ್ ಹೊಡೆದು ಕೆಂಗೇರಿ ಕಡೆ ಬಿಟ್ಟಿದ್ದಾನೆ. ಎರಡು ಕಿಮೀ ಹೋಗೋಷ್ಟರಲ್ಲಿ ಎಡಗಡೆ ಪಿಸ್ಟನ್ ಸೀಜ್, ಹಿಂದಿನ ಚಕ್ರ ಲಾಕ್, ಹುಡುಗ ರಸ್ತೆ ಪಕ್ಕದ ಮೋರಿಗೆ.

ಟೂ ಸ್ಟ್ರೋಕಿಗೆ ಇದಕ್ಕೊಂದು ಹೆಸರೇ ಇದೆ, ಕೋಲ್ಡ್ ಸೀಜ್. ಪಿಸ್ಟನ್ ಬೇಗ ಹಿಗ್ಗತ್ತೆ, ಗಾಳಿಗೆ ಒಡ್ಡಿಕೊಂಡ ಸಿಲಿಂಡರ್ ಹಿಂದೆ ಉಳಿಯತ್ತೆ. ಯೆಜ್ಡಿ ಆದ್ರೆ ಎಮ್ಮೆ ಥರ ಸಹಿಸ್ಕೊಳ್ತಿತ್ತು, ಮೈಸೂರಿನ ಸರಕು. ಹುಡುಗನಿಗೆ ಮೊಣಕೈ ತರಚಿತ್ತು, ನನಗೆ ಸಿಲಿಂಡರ್ ಬೋರ್ ಮಾಡಿಸೋ ಖರ್ಚು. ಅವನನ್ನ ನೋಡಿ ಬೈಯೋಕೂ ಮನಸ್ಸು ಬರಲಿಲ್ಲ.

ಕುಡ್ಲ ಕಾರ್ಬುರೇಟರ್

ನನ್ನದು ಇನ್ನೊಂದು ಕಥೆ ಉಂಟು ಮಾರಾಯ್ರೆ. ಹಳೇ ಹೋಂಡಾ ಸಿಟಿ ವಿಟೆಕ್, ಮ್ಯಾನುವಲ್. ಎಸಿ ಗ್ಯಾಸ್ ಹಾಕಿಸ್ಲಿಕ್ಕೆ ಕೊಟ್ಟದ್ದು, ಬೇರೆ ಎಂತ ಇಲ್ಲ. ಹುಡುಗ ಮೂರನೇ ಗೇರಲ್ಲಿ 6000ಕ್ಕೆ ಎಳೆದು ನಾಲ್ಕಕ್ಕೆ ಹಾಕ್ಲಿಕ್ಕೆ ಹೋಗಿ ಎರಡಕ್ಕೆ ಹಾಕಿದ. ಆರ್‌ಪಿಎಂ 9000 ಹತ್ರ ಹೋಗಿರ್ಬೇಕು. ನಾಲ್ಕು ವಾಲ್ವ್ ಬಗ್ಗಿ ಹೋಯ್ತು, ಹೆಡ್ ಬಿಚ್ಚಬೇಕಾಯ್ತು.

ರೆವ್ ಲಿಮಿಟರ್ ಇತ್ತಲ್ಲ ಅಂತ ಎಲ್ರೂ ಕೇಳ್ತಾರೆ. ಲಿಮಿಟರ್ ಪೆಟ್ರೋಲ್ ಮಾತ್ರ ಕಟ್ ಮಾಡುದು. ಚಕ್ರವೇ ಇಂಜಿನ್ನನ್ನು ತಿರುಗಿಸುವಾಗ ಅದು ಎಂತ ಮಾಡ್ತದೆ? ಎಸಿ ಮಾತ್ರ ಭಾರೀ ಕೂಲ್ ಆಗ್ತಿತ್ತು, ಗಾಡಿ ಟೋ ಆಗಿ ಬರುವಾಗ.

ನಾಲ್ಕನೇ ಗೇರು

ಗೂಳಿಯವರ ಗಾಡಿಗೆ ಈ ಭಯ ಇಲ್ಲ. ಡಿಎಸ್‌ಜಿ ಅಂಥ ಡೌನ್‌ಶಿಫ್ಟ್ ಒಪ್ಪೋದೇ ಇಲ್ಲ, ಪ್ಯಾಡಲ್ ಎಷ್ಟು ಒತ್ತಿದ್ರೂ. ಬಿಸಿಯಾದ ಇಂಜಿನ್‌ನ ಕೆಂಪು ಗೆರೆವರೆಗೆ ಎಳೆದ್ರೂ ಏನೂ ಆಗಲ್ಲ, ಅದಕ್ಕೇ ಮಾಡಿರೋ ಗಾಡಿ. ನನ್ನ ಕೇಳಿದ್ರೆ ಟ್ರಾಫಿಕಲ್ಲಿ 1300 ಆರ್‌ಪಿಎಂಗೆ ಆರನೇ ಗೇರಲ್ಲಿ ಪೂರ್ತಿ ಆಕ್ಸಿಲರೇಟರ್ ತುಳಿಯೋದೇ ಜಾಸ್ತಿ ಅಪಾಯ. ಡೈರೆಕ್ಟ್ ಇಂಜೆಕ್ಷನ್ ಟರ್ಬೊಗಳಲ್ಲಿ ಸ್ಪಾರ್ಕ್‌ಗೆ ಮುಂಚೆನೇ ಹತ್ಕೊಂಡು ಪಿಸ್ಟನ್ ಒಡೆಯೋ ಕಾಯಿಲೆ ಬರೋದು ಅಲ್ಲೇ. ಎಪಿಐ ಎಸ್‌ಪಿ ಗ್ರೇಡ್ ಆಯಿಲ್‌ಗಳಿಗೆ ಈ ಕಾಯಿಲೆಗೇ ಅಂತ ಪರೀಕ್ಷೆ ಇಟ್ಟಿದ್ದಾರೆ.

ಹಿಂದಿನ ಸೀಟು

ಅಂದ್ರೆ ಜೋರಾಗಿ ಓಡಿಸಿದ್ರೂ ತಪ್ಪು, ಮೆಲ್ಲಗೆ ಓಡಿಸಿದ್ರೂ ತಪ್ಪು. ನಾನು ಮೆಟ್ರೋ.

ಸ್ಟುಟ್‌ಗಾರ್ಟ್ ಸೀನ

ಇಲ್ಲಿ ಜರ್ಮನ್ನರು ಇದಕ್ಕೆ ಎರಡು ಪದ ಇಟ್ಕೊಂಡಿದ್ದಾರೆ: ವಾರ್ಮ್‌ಫಾರೆನ್, ಕಾಲ್ಟ್‌ಫಾರೆನ್. ಓಡಿಸ್ತಾ ಬಿಸಿ ಮಾಡೋದು, ಓಡಿಸ್ತಾ ತಣ್ಣಗೆ ಮಾಡೋದು. ಆಟೋಬಾನಲ್ಲಿ 200ರಲ್ಲಿ ಬಂದವರು ಎಕ್ಸಿಟ್‌ಗೆ ಮುಂಚೆ ಕೊನೇ ಐದು ಕಿಮೀ ಅಜ್ಜಿ ಥರ ಓಡಿಸ್ತಾರೆ, ಟರ್ಬೊ ತಣಿಯಲಿ ಅಂತ. ಹಳೇ ಬಿಎಂಡಬ್ಲ್ಯು ಇ46 ಎಂ3 ನೋಡಿದ್ರೆ ಆರ್‌ಪಿಎಂ ಮೀಟರ್ ಸುತ್ತ ಕಿತ್ತಳೆ ದೀಪಗಳು ಇರ್ತವೆ. ಆಯಿಲ್ ಬಿಸಿಯಾದ ಹಾಗೆ ಒಂದೊಂದೇ ಆರುತ್ತೆ. ಎಲ್ಲಿವರೆಗೆ ದೀಪ ಆರಿದ್ಯೋ ಅಲ್ಲಿವರೆಗೆ ಮಾತ್ರ ಎಳೀಬೇಕು. ಯಾವ ಹುಡುಗನಿಗೆ ಕೊಟ್ರೂ ಅರ್ಥ ಆಗೋ ಭಾಷೆ.

ಪೋರ್ಷೆಯವರು ಇನ್ನೂ ಚಾಲಾಕು. 911ರ 997 ಮಾಡೆಲ್‌ನ ಕಂಪ್ಯೂಟರಲ್ಲಿ ಓವರ್‌ರೆವ್ (ಮಿತಿ ಮೀರಿದ ಆರ್‌ಪಿಎಂ) ಆರು ಹಂತದಲ್ಲಿ ದಾಖಲಾಗತ್ತೆ, ಇಂಜಿನ್ ಎಷ್ಟನೇ ಗಂಟೆ ಓಡ್ತಿದ್ದಾಗ ಆಯ್ತು ಅನ್ನೋದರ ಸಮೇತ. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಮೊದಲು ಕೇಳೋದೇ ಆ ರಿಪೋರ್ಟು. ಮೇಲಿನ ಹಂತಗಳಲ್ಲಿ ಎಣಿಕೆ ಇದ್ರೆ ಮುಖ ತಿರುಗಿಸಿ ಹೋಗ್ತಾರೆ. ನೀವು ಗಾಡಿ ಕೊಡೋ ಮುಂಚೆ ಒಂದು, ತಗೊಂಡ ಮೇಲೆ ಒಂದು ರಿಪೋರ್ಟ್ ತೆಗೆಸಿದ್ರೆ ಮುಗೀತು, ಸಾಕ್ಷಿ ಕೈಲಿ.

ನಾಲ್ಕನೇ ಗೇರು

ಸೀನಣ್ಣ, ಆಕ್ಟೇವಿಯಾಗೆ ಆ ಭಾಗ್ಯ ಇಲ್ಲ. ಸ್ಕ್ಯಾನರ್ ಹಾಕಿದ್ರೆ ಫಾಲ್ಟ್ ಕೋಡ್ ಬಂದಿದ್ರೆ ಆ ಕ್ಷಣದ ಆರ್‌ಪಿಎಂ, ಟೆಂಪರೇಚರ್ ಸಿಗಬಹುದು. ಕೋಡ್ ಬರದೆ ಇದ್ರೆ ಏನೂ ಇಲ್ಲ.

ಹುಬ್ಳಿ ಹೈವೇ

ನಮ್ಮಪ್ಪ ಮೂವತ್ತು ವರ್ಷ ಲಾರಿ ಹೊಡದಾರ. ನಸುಕಿನ್ಯಾಗ ಎದ್ದು ಇಂಜಿನ್ ಚಾಲೂ ಮಾಡಿ, ಹಲ್ಲು ತಿಕ್ಕಿ, ಚಾ ಕುಡದು, ಟೈರಿಗೆ ಬಡದು ನೋಡಿ ಆಮ್ಯಾಲೆ ಗೇರ್ ಹಾಕ್ತಿದ್ರು. ಘಾಟು ಹತ್ತಿ ಬಂದಮ್ಯಾಲೂ ಎರಡು ನಿಮಿಷ ಬಂದ್ ಮಾಡ್ತಿರಲಿಲ್ಲ. ಟರ್ಬೊ ಅಂದ್ರೇನಂತ ಅವ್ರಿಗೆ ಯಾರೂ ಕಲಿಸಿರಲಿಲ್ಲರೀ, ಓನರ್ ಬೈತಾನಂತ ಗೊತ್ತಿತ್ತು ಅಷ್ಟ.

ಗ್ರೀಸ್ ಕೈ

ಅಪ್ಪಾಜಿಗೆ ನಮಸ್ಕಾರ. ಲಾರಿಗೆ ಸರಿ, ಏರ್ ಬ್ರೇಕ್ ಟ್ಯಾಂಕ್ ತುಂಬೋಕೂ ಟೈಮ್ ಬೇಕಲ್ಲ. ಪೆಟ್ರೋಲ್ ಕಾರನ್ನ ಮಾತ್ರ ಹತ್ತು ನಿಮಿಷ ನಿಂತಲ್ಲೇ ಬಿಡಬೇಡಿ. ತಣ್ಣಗಿರುವಾಗ ಜಾಸ್ತಿ ಪೆಟ್ರೋಲ್ ಸುರೀತದೆ, ಅದು ಬೋರ್ ಗೋಡೆ ತೊಳೆದು ಆಯಿಲ್‌ಗೆ ಸೇರತ್ತೆ. ಅರ್ಧ ನಿಮಿಷ ಬಿಟ್ಟು ಮೆಲ್ಲಗೆ ಹೊರಡೋದೇ ಸರಿ.

ಬರೀ ಕಾಲ್ನಡಿಗೆ

ಎಲ್ಲರೂ ಹುಡುಗನನ್ನ ಹುರಿದು ಮುಕ್ಕೋಕೆ ಕೂತಿದ್ದೀರಿ. ಅವನ ತಿಂಗಳ ಸಂಬಳ ಎಷ್ಟು ಅಂತ ಯಾರಾದ್ರೂ ಕೇಳಿದ್ರಾ? ನಿಮ್ಮ ಒಂದು ಟೈರಿನ ರೇಟು ಇರತ್ತೆ. ದಿನವಿಡೀ ನಿಮ್ಮ ಗಾಡಿಗಳ ಹೊಟ್ಟೆ ಕೆಳಗೆ ಮಲಗಿ ಕಣ್ಣಿಗೆ ಮಣ್ಣು ಬೀಳಿಸ್ಕೊಳ್ಳೋ ಇಪ್ಪತ್ತರ ಹುಡುಗ ಒಂದು ಭಾನುವಾರ ಎಳೆದು ನೋಡಿದ. ಆಸೆ ಇರಲ್ವಾ?

ಗ್ರೀಸ್ ಕೈ

ಆಸೆ ಇರತ್ತೆ, ನನಗೂ ಇತ್ತು. ನನ್ನ ಗುರು ಏನು ಮಾಡ್ತಿದ್ದ ಗೊತ್ತಾ? ಒಳ್ಳೇ ಗಾಡಿ ಬಂದ್ರೆ ಓನರ್‌ಗೆ ಹೇಳಿ, ಓನರ್‌ನ ಪಕ್ಕ ಕೂರಿಸಿ, ನನ್ನ ಕೈಲಿ ಓಡಿಸ್ತಿದ್ದ. "ಕದ್ದು ತಿಂದ್ರೆ ಜೀರ್ಣ ಆಗಲ್ಲ" ಅನ್ನೋನು. ಸಂಬಳ ಕಮ್ಮಿ ಅನ್ನೋದು ನಿಜ, ಅದನ್ನ ಗ್ಯಾರೇಜ್ ಓನರ್ ಹತ್ರ ಕೇಳಬೇಕು. ಬೇರೆಯವರ ಕ್ರ್ಯಾಂಕ್ ಬೇರಿಂಗ್ ಹತ್ರ ಅಲ್ಲ.

ಬರೀ ಕಾಲ್ನಡಿಗೆ

ಗುರು ಒಳ್ಳೆಯವರು ಸಿಕ್ಕಿದ್ರು ನಿಮಗೆ. ಎಲ್ಲರಿಗೂ ಸಿಗಲ್ಲ.

ಕರಿಕೋಟು

ನಾನು ವಕೀಲ, ಆದ್ರೆ ಇದು ಪುಕ್ಕಟೆ ಸಲಹೆ, ಅದಕ್ಕೆ ತಕ್ಕ ಬೆಲೆ ಕೊಡಿ.

ಗಾಡಿ ಗ್ಯಾರೇಜಿಗೆ ಕೊಟ್ಟಾಗ ಕಾನೂನಿನ ಕಣ್ಣಲ್ಲಿ ಅದು ಬೇಲ್‌ಮೆಂಟ್, ಅಂದ್ರೆ ಒಂದು ಕೆಲಸಕ್ಕೆ ಅಂತ ವಸ್ತುವನ್ನ ಇನ್ನೊಬ್ಬರ ವಶಕ್ಕೆ ಕೊಡೋದು. 1872ರ ಕರಾರು ಕಾಯ್ದೆಯ 151ನೇ ಕಲಂ ಪ್ರಕಾರ ಅವರು ನಿಮ್ಮ ವಸ್ತುವನ್ನ ತಮ್ಮದೇ ವಸ್ತು ನೋಡ್ಕೊಳ್ಳೋ ವಿವೇಕಿಯ ಹಾಗೆ ನೋಡ್ಕೋಬೇಕು. 154 ಇನ್ನೂ ಚುರುಕು: ಒಪ್ಪಿಕೊಂಡ ಉದ್ದೇಶ ಬಿಟ್ಟು ಬೇರೆಯದಕ್ಕೆ ಬಳಸಿದ್ರೆ, ಆ ಬಳಕೆಯಿಂದ ಅಥವಾ ಬಳಕೆಯ ವೇಳೆ ಆದ ನಷ್ಟ ಅವರೇ ತುಂಬಿ ಕೊಡಬೇಕು. ಬ್ರೇಕ್ ಪ್ಯಾಡಿಗೂ ಇಡ್ಲಿಗೂ ಸಂಬಂಧ ಇಲ್ಲ ಅಂತ ತೋರಿಸೋದು ಕಷ್ಟ ಅಲ್ಲ.

ಕಷ್ಟ ಇರೋದು "ನಷ್ಟ" ಅನ್ನೋ ಪದದಲ್ಲಿ. ಬೇರಿಂಗ್ ಸವೆತ ಭಾನುವಾರ 7:34ಕ್ಕೇ ಆಯ್ತು ಅಂತ ಹೇಗೆ ಸಾಬೀತು ಮಾಡ್ತೀರಿ? ಮೊದಲನೇ ಓನರ್ ಮಾಡಿದ್ದಲ್ಲ ಅಂತ ಹೇಗೆ? ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ರೆ ದೂರಿಗೆ ಶುಲ್ಕವೂ ಇಲ್ಲ. ಆದ್ರೆ ತಜ್ಞರ ವರದಿ ಬೇಕು. ಡ್ಯಾಶ್‌ಕ್ಯಾಮ್ ಕಾರ್ಡನ್ನ ತೆಗೆದು ಹಾಗೇ ಇಡಿ, ಮೇಲೆ ಮತ್ತೆ ರೆಕಾರ್ಡ್ ಆಗೋಕೆ ಬಿಡಬೇಡಿ. ಕಾಪಿ ಕೊಡೋದಾದ್ರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ ಲಗತ್ತಿಸಬೇಕು.

ಇನ್ನೊಂದು. 2024ರ ಆಗಸ್ಟ್‌ನಿಂದ 130 ದಾಟಿದ್ರೆ ಎಫ್‌ಐಆರ್ ಅಂತ ಕರ್ನಾಟಕ ಪೊಲೀಸರು ಹೇಳಿದ್ದಾರೆ. ನಿಮ್ಮ ಗಾಡಿ 164. ನೋಟಿಸ್ ಬರೋದು ನಿಮ್ಮ ಮನೆಗೆ. ಬಂದ್ರೆ ಓಡಿಸಿದವರು ಯಾರು ಅಂತ ನೀವು ಹೇಳಬೇಕಾಗತ್ತೆ, ಆಗ ಗ್ಯಾರೇಜಿನ ಜಾಬ್ ಕಾರ್ಡ್ (ಗಾಡಿ ಬಿಟ್ಟ ದಾಖಲೆ) ಕೈಲಿರಲಿ.

ವಿಜಯನಗರ ಗೂಳಿ

ಜಾಬ್ ಕಾರ್ಡ್... ಬಿಳಿ ಚೀಟೀಲಿ "ಪ್ಯಾಡ್, ಆಯಿಲ್, ಸೌಂಡ್" ಅಂತ ಬರೆದು ನನ್ನ ನಂಬರ್ ಹಾಕ್ಕೊಂಡ್ರು. ಚೀಟಿ ಅವರ ಹತ್ರಾನೇ ಇದೆ.

ಕರಿಕೋಟು

ಶುಭವಾಗಲಿ.

ನಾಲ್ಕನೇ ಗೇರು

ಇನ್ಶೂರೆನ್ಸ್ ಕನಸು ಬೇಡ ಅಂತ ಈಗಲೇ ಹೇಳಿಬಿಡ್ತೀನಿ. ಗುದ್ದಿದ್ರೆ ಕೊಡ್ತಾರೆ. ಸವೆತ, ಮೆಕ್ಯಾನಿಕಲ್ ಬ್ರೇಕ್‌ಡೌನ್ ಸಾಮಾನ್ಯ ಪಾಲಿಸೀಲಿ ಸೇರಲ್ಲ.

ಟ್ರಾಯ್ ಟಿಪ್ಪರ್

ಅಮೆರಿಕದಿಂದ ಒಂದು ತಮಾಷೆ. 2015ರ ಕಾರ್ವೆಟ್‌ನಲ್ಲಿ ವ್ಯಾಲೆ ಮೋಡ್ ಅಂತ ಬಂತು. ಹೋಟೆಲಲ್ಲಿ ಗಾಡಿ ಪಾರ್ಕ್ ಮಾಡೋ ಹುಡುಗನಿಗೆ ಕೀ ಕೊಟ್ರೆ ಕ್ಯಾಮೆರಾ, ವೇಗ, ಒಳಗಿನ ಮಾತು ಎಲ್ಲಾ ರೆಕಾರ್ಡ್. ಆಮೇಲೆ ಕಂಪನಿಯೇ, ಒಪ್ಪಿಗೆ ಇಲ್ಲದೆ ಮಾತು ರೆಕಾರ್ಡ್ ಮಾಡೋದು ಕೆಲವು ರಾಜ್ಯಗಳಲ್ಲಿ ಕಾನೂನಿಗೆ ವಿರುದ್ಧ ಆಗಬಹುದು, ಸದ್ಯಕ್ಕೆ ಬಳಸಬೇಡಿ ಅಂತ ಹೇಳಬೇಕಾಯ್ತು. ಕಳ್ಳನನ್ನ ಹಿಡಿಯೋಕೆ ಹೋಗಿ ಓನರೇ ಸಿಕ್ಕಿಬೀಳೋದು.

ಚಾರ್ಜಿಂಗ್ ಚನ್ನ

ಎಲೆಕ್ಟ್ರಿಕ್ ತಗೊಳ್ಳಿ. ಆಯಿಲ್ ಇಲ್ಲ, ವಾರ್ಮ್ ಅಪ್ ಇಲ್ಲ, ತಲೆನೋವಿಲ್ಲ.

ಹಿಂದಿನ ಸೀಟು

ಬಂದ್ರಪ್ಪಾ. ಇನ್ನೂ ಯಾಕೆ ಬಂದಿಲ್ಲ ಅಂತ ನೋಡ್ತಿದ್ದೆ.

ಚಾರ್ಜಿಂಗ್ ಚನ್ನ

ನಗಬೇಡಿ, ನನ್ನದನ್ನೂ ವಾಟರ್ ವಾಶ್‌ಗೆ ಕೊಟ್ಟಾಗ ಸಿಗ್ನಲ್‌ನಿಂದ ಸಿಗ್ನಲ್‌ಗೆ ಹಾರಿಸಿದ್ದಾರೆ. ಆ್ಯಪಲ್ಲಿ ಲೈವ್ ನೋಡ್ತಾ ಕೂತಿದ್ದೆ. ಏನೂ ಹಾಳಾಗಿಲ್ಲ, ಟೈರ್ ಬಿಟ್ಟು.

ಗ್ರೀಸ್ ಕೈ

@ಗೂಳಿ, ವಾದ ಆಮೇಲೆ. ಮೊದಲು ಮಾಡಬೇಕಾದ್ದು: ಬೇರೆ ಗ್ಯಾರೇಜಲ್ಲಿ ಆಯಿಲ್ ಇಳಿಸಿ, ಬಕೆಟ್ ಸಮೇತ ಬಿಸಿಲಿಗೆ ಹಿಡಿದು ನೋಡಿ, ಮಿನುಗೋ ಪುಡಿ ಇದ್ಯಾ ಅಂತ. ಫಿಲ್ಟರ್ ಕತ್ತರಿಸಿ ಒಳಗಿನ ಕಾಗದ ಮಡಿಕೆ ಮಡಿಕೆ ಬಿಚ್ಚಿ. ಮ್ಯಾಗ್ನೆಟ್‌ಗೆ ಹತ್ತೋದು ಕಬ್ಬಿಣ, ಹತ್ತದೆ ಹೊಳೆಯೋದು ಬೇರಿಂಗ್. ಆಮೇಲೆ ಲೀಕ್‌ಡೌನ್ ಟೆಸ್ಟ್ (ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರತ್ತೆ ಅಂತ ನೋಡೋದು), ನಾಲ್ಕೂ ಸಿಲಿಂಡರು 10 ಪರ್ಸೆಂಟ್ ಒಳಗೆ ಇದ್ರೆ ಸಾಕು. ಪ್ಲಗ್ ತೂತಿಂದ ಕ್ಯಾಮೆರಾ ಬಿಟ್ಟು ಬೋರ್ ಗೋಡೇಲಿ ಉದ್ದುದ್ದ ಗೀರು ಇದ್ಯಾ ನೋಡ್ಸಿ. ಇಡ್ಲಿ ಅಂಗಡಿ ಮುಂದೆ ಟಪ್ ಅಂತ ಆಫ್ ಮಾಡಿದ್ದಕ್ಕೆ ಅಷ್ಟು ಹೆದರಬೇಡಿ. ನಿಮ್ಮ ಟರ್ಬೊಗೆ ಕೂಲಂಟ್ ಲೈನ್ ಇದೆ, ಒಂದು ಸಲಕ್ಕೆ ಆಯಿಲ್ ಸುಟ್ಟು ಕರಿ ಕಟ್ಟಲ್ಲ.

ವಿಜಯನಗರ ಗೂಳಿ (ಭಾನುವಾರ, ಮಧ್ಯಾಹ್ನ 1:40)

ನಿನ್ನೆ ಮಾಡಿಸಿದೆ. ಪಕ್ಕದಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಕೂತಿದ್ದೆ, ಮೂರು ಗಂಟೆ.

ಟರ್ ಟರ್ ಸದ್ದು: ಇಂಜಿನ್ ಕೆಳಗಿನ ಪ್ಲಾಸ್ಟಿಕ್ ಶೀಲ್ಡ್. ಆಯಿಲ್ ಚೇಂಜ್ ಮಾಡಿದವರು ಮೂರು ಸ್ಕ್ರೂ ಹಾಕೇ ಇಲ್ಲ, ಗಾಳಿಗೆ ಬಡ್ಕೊಳ್ತಿತ್ತು. ಫಿಲ್ಟರ್ ಕಾಗದ ಕ್ಲೀನ್. ಲೀಕ್‌ಡೌನ್ 6, 7, 6, 8. ಕ್ಯಾಮೆರಾದಲ್ಲಿ ಹೋನಿಂಗ್ ಗೆರೆಗಳು (ಬೋರ್ ಗೋಡೇಲಿ ತಯಾರಿಸುವಾಗಲೇ ಹಾಕಿರೋ ಸಣ್ಣ ಗೆರೆ) ಇನ್ನೂ ಕಾಣ್ತಿವೆ. ಎಲ್ಲಾ ಸೇರಿ 7,200 ರೂಪಾಯಿ ಖರ್ಚು, ಹೊಸ ಆಯಿಲ್ ಬೇರೆ.

ಹಳೇ ಗ್ಯಾರೇಜ್ ಓನರ್‌ಗೆ ವಿಡಿಯೊ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು, ದನಿ ಇಳಿದು ಹೋಗಿತ್ತು. ಟೆಸ್ಟಿನ ದುಡ್ಡು ಕೊಡ್ತೀನಿ ಅಂದ್ರು, ಅರ್ಧ ಕೊಟ್ಟೂ ಆಯ್ತು. ಹುಡುಗನನ್ನ ಕೆಲಸದಿಂದ ತೆಗೀತೀನಿ ಅಂದ್ರು. ಬೇಡ ಅಂದೆ. ಯಾಕೆ ಅಂದೆ ಅಂತ ನನಗೂ ಗೊತ್ತಿಲ್ಲ.

ನಾಲ್ಕನೇ ಗೇರು

ಒಳ್ಳೇದಾಯ್ತು. ಆದ್ರೆ 'ಏನೂ ಆಗಿಲ್ಲ' ಅನ್ನೋದಕ್ಕೂ 'ಏನೂ ಕಾಣ್ತಿಲ್ಲ' ಅನ್ನೋದಕ್ಕೂ ವ್ಯತ್ಯಾಸ ಇದೆ. ಮುಂದಿನ 5,000 ಕಿಮೀ ಆಯಿಲ್ ಎಷ್ಟು ಕುಡಿಯತ್ತೆ ಬರೆದಿಡಿ.

ಗ್ರೀಸ್ ಕೈ

ಹೆದರಿಸಬೇಡಿ ಅವರನ್ನ. ಸೀಜ್ ಆಗೋ ಇಂಜಿನ್ ಇಷ್ಟು ಹೊತ್ತಿಗೆ ಹೇಳಿರೋದು. ಡಿಪ್‌ಸ್ಟಿಕ್ ಮಾತ್ರ ವಾರಕ್ಕೊಂದು ಸಲ ನೋಡಿ, ಅದು ಹೇಗೂ ನೋಡಬೇಕಾದ್ದೇ.

ಹಳೇ ಯೆಜ್ಡಿ

ಹುಡುಗನನ್ನ ಉಳಿಸಿದ್ದು ಒಳ್ಳೇದು ಮಾಡಿದೆ ಕಣಪ್ಪ. ನನ್ನ ರಾಜದೂತ್ ಮೋರಿಗೆ ಇಳಿಸಿದವನು ಆಮೇಲೆ ಹನ್ನೊಂದು ವರ್ಷ ನನ್ನ ಗಾಡಿ ನೋಡ್ಕೊಂಡ.

ಹುಬ್ಳಿ ಹೈವೇ

ಅದೆಲ್ಲಾ ಇರಲಿರೀ, ಸಾಂಬಾರ್ ಕಲೆ ಹೋತೇನು?

ವಿಜಯನಗರ ಗೂಳಿ

ಇಲ್ಲ.